ಕಾಯುವುದೇ ಕಾಡಿದಾಗ

ಕಾಯತಕ್ಕುದೇ ಕಾಡತೊಡಗಿದರೆ ಗತಿಯೇನು? ಜೀವಕೋಶಗಳು ಪರಸ್ಪರ ಕಳುಹುವ ಪ್ರೋಟೀನುರೂಪದ ದೂತರೇ ಸೈಟೋಕೈನುಗಳು. ಸೋಂಕು ತಗಲಿದಾಗ ಇವು ದೇಹದ ರಕ್ಷಕಕೋಶಗಳನ್ನು ಕರೆಯುತ್ತವೆ. ಮಿತಿಮೀರಿದರೆ ಕೀಲುಗಳಲ್ಲಿ ಉರಿಯೂತವನ್ನೆಬ್ಬಿಸಿ ಎಲುಬನ್ನೇ ಸವೆಸುತ್ತವೆ. ಇದೇ ರುಮಟಾಯ್ಡ್ ಸಂಧಿವಾತ. ಸೀಮೆಸುಣ್ಣವನ್ನೂ ಹಿಡಿಯಲಾಗದ ಬೆರಳಿನ ಯಾತನೆಯನ್ನು ಅಧ್ಯಾಪಕರಿಗೆ ವಿವರಿಸಬೇಕಿಲ್ಲ.

ಇಂತಹ ದೂತರು ಹಲವರಿರುವಾಗ ಒಬ್ಬನನ್ನು ತಡೆದು ಫಲವೇನೆಂಬ ಶಂಕೆ ಸಹಜವೇ. ಆದರೆ ಲಂಡನ್ನಿನ ಸಂಶೋಧಕರಾದ ಮಾರ್ಕ್ ಫೆಲ್ಡ್‌ಮನ್ ಹಾಗೂ ಭಾರತಸಂಜಾತರಾದ ರವೀಂದರ್ ಮೈನಿಯವರು, ಟಿ.ಎನ್.ಎಫ್. ಎಂಬ ಒಂದನ್ನು ತಡೆದರೆ ಇತರ ದೂತರ ಅಬ್ಬರವೂ ತಗ್ಗುವುದೆಂಬುದನ್ನು ಮನಗಂಡರು. 1992ರಲ್ಲಿ ಅದನ್ನು ತಡೆಯುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟಾಗ ನೋವೂ ಊತವೂ ಇಳಿದವು.

ನೋವನ್ನು ಮರೆಸುವುದಕ್ಕಿಂತ ಮೂಲವನ್ನು ಅರಸುವುದು ಮೇಲು. ಆ ಜಿಜ್ಞಾಸೆಯನ್ನು ಅಧ್ಯಾಪಕರು ಬೆಳೆಸಲಿ. ದಾನಿಗಳು ಕಟ್ಟಡದೊಡನೆ ಪ್ರಯೋಗಶಾಲೆಯನ್ನೂ ನೆನೆಯಲಿ.