ಖಾಕಿ ಒಂದೇ, ಹೆಣದ ಬೆಲೆ ಎರಡು!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ ತರುಣರೇ, ನಿಮಗೊಂದು ಪ್ರಶ್ನೆ. ಊರ ತೇರಿಗೆ ಹೋದಾಗ ಗಾಲಿಯ ಪಕ್ಕ ನಿಂತು ಜನರನ್ನು ಹಿಂದಕ್ಕೆ ಸರಿಸುವ ಖಾಕಿಯವನನ್ನು ನೋಡಿದ್ದೀರಲ್ಲ, ಅವನು ಪೊಲೀಸ್ ಪೇದೆಯೋ, ಹೋಂಗಾರ್ಡೋ? ನಿಮಗೆ ಇಬ್ಬರೂ ಒಂದೇ. ತೇರಿನ ಗಾಲಿಗೂ ಇಬ್ಬರೂ ಒಂದೇ. ಸರ್ಕಾರಕ್ಕೆ ಮಾತ್ರ ಅಲ್ಲ!

2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿಬಿತ್ತು, ಜನ ಗಾಯಗೊಂಡರು. ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ನುಗ್ಗುತ್ತಾರೆ. ಇಂಥ ಕಡೆ ನಾಳೆ ಒಬ್ಬ ಪೇದೆ, ಒಬ್ಬ ಹೋಂಗಾರ್ಡ್ ಒಟ್ಟಿಗೇ ಸತ್ತರು ಅನ್ನಿ. ಮುಂದೇನು?

ಪೇದೆ ಸರ್ಕಾರಿ ನೌಕರ. ಅವನ ಮನೆಯವರಿಗೆ ಕುಟುಂಬ ಪಿಂಚಣಿಯ ದಾರಿಯಿದೆ. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿಯಿದೆ. 1996ರ ನಿಯಮದಂತೆ ಅನುಕಂಪದ ನೌಕರಿಯಿದೆ. ಹೋಂಗಾರ್ಡ್? 1962ರ ಕಾಯ್ದೆಯ ಕಣ್ಣಿಗೆ ಅವನು ಸ್ವಯಂಸೇವಕ! ದುಡಿದ ದಿನಕ್ಕೆ ಭತ್ಯೆ, ಅಷ್ಟೆ. ಸತ್ತರೆ ಹೆಂಡತಿಗೆ ಪಿಂಚಣಿಯಿಲ್ಲ, ಮಗನಿಗೆ ನೌಕರಿಯಿಲ್ಲ. ಮೇಲಿನವರು ಮನಸ್ಸು ಮಾಡಿದರೆ ಒಂದಿಷ್ಟು ಪರಿಹಾರ. ಹೋಂಗಾರ್ಡ್‌ಗಳ ಭತ್ಯೆ ಪೊಲೀಸರ ಕನಿಷ್ಠ ಸಂಬಳಕ್ಕೆ ಸರಿಯಾಗಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅವರನ್ನು ಕಾಯಂ ಮಾಡಿ ಎನ್ನಲಿಲ್ಲ. ಬದುಕಿದ್ದಾಗಿನ ಕೂಲಿಗೆ ಕೋರ್ಟ್ ಇದೆ, ಸತ್ತ ಮೇಲಿನ ಗಂಜಿಗೆ ಯಾರಿದ್ದಾರೆ?

ಅಮೆರಿಕಾ ಇದಕ್ಕಾಗಿಯೇ 1976ರಲ್ಲಿ ಕಾನೂನು ಮಾಡಿತು. ಆಗ 50,000 ಡಾಲರ್ ಇದ್ದ ಪರಿಹಾರ ಈಗ ವರ್ಷ ವರ್ಷವೂ ಬೆಲೆಯೇರಿಕೆಯ ಜೊತೆ ಏರುತ್ತದೆ. ಸಂಬಳವಿಲ್ಲದೆ ಬೆಂಕಿ ಆರಿಸುವ ಸ್ವಯಂಸೇವಕನ ಮನೆಗೂ ಅಷ್ಟೇ ಹಣ. 2003ರಲ್ಲಿ ಇನ್ನೊಂದು ಕಾನೂನು ಬಂತು: ಮೈಮುರಿಯುವ ಕರ್ತವ್ಯದ ವೇಳೆ, ಅಥವಾ ಮುಗಿದ 24 ಗಂಟೆಯೊಳಗೆ ಹೃದಯಾಘಾತದಿಂದ ಸತ್ತರೂ ಅದು ಕರ್ತವ್ಯದ ಸಾವೇ. ಹಡಗಲಿಯ ಬಿಸಿಲಲ್ಲಿ ಹಗಲಿಡೀ ಬಂದೋಬಸ್ತಿಗೆ ನಿಂತು, ರಾತ್ರಿ ಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದವನ ಸಾವು ಎಂಥದು? ನೀವೇ ಹೇಳಿ.

ಹಾಗಂತ ಪೇದೆಯ ಮನೆಯವರು ಸುಖವಾಗಿದ್ದಾರೆಂದಲ್ಲ. ಅನುಕಂಪದ ನೌಕರಿಗೆ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಕಣ್ಣೀರು ಆರುವಷ್ಟರಲ್ಲಿ ಗಡುವು ಮುಗಿದಿರುತ್ತದೆ! ಮದುವೆಯಾದ ಮಗಳಿಗೂ ಹಕ್ಕಿದೆ ಎನ್ನಿಸಿಕೊಳ್ಳಲು 2020ರಲ್ಲಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಇನ್ನು ಹರಪನಹಳ್ಳಿಯ ಪಾಡು ನೋಡಿ. 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ತವರಿನ ಠಾಣೆ ಬಿಟ್ಟು ಕದಲದವನ ಸೇವೆಯೂ ಮೂರು ಜಿಲ್ಲೆಗಳ ಲೆಕ್ಕಕ್ಕೆ ಬೀಳುತ್ತದೆ. ಅವನ ವಿಧವೆ ಯಾವ ಊರಿನ ಬಸ್ಸು ಹತ್ತಬೇಕು?

ಪ್ರತಿ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. ಗಾಳಿಯಲ್ಲಿ ಗುಂಡು ಹಾರಿಸಿ, ಹೂಗುಚ್ಛ ಇಟ್ಟು ದೊರೆಗಳು ಕಾರು ಹತ್ತುತ್ತಾರೆ. ಹೂವಿನಿಂದ ಒಲೆ ಉರಿಯುವುದಿಲ್ಲ ಸ್ವಾಮಿ!

ನಾವು ಕೇಳಬೇಕಾದ್ದು ಇಷ್ಟು. ಪೇದೆ, ಹೋಂಗಾರ್ಡ್, ಅಗ್ನಿಶಾಮಕ, ಅರಣ್ಯ ಕಾವಲುಗಾರ, ಕಾಯಂ ಇರಲಿ ದಿನಗೂಲಿ ಇರಲಿ, ಕರ್ತವ್ಯದಲ್ಲಿ ಸತ್ತರೆ ಒಂದೇ ಪರಿಹಾರ, ಒಂದೇ ಕಾನೂನು. ಬೆಲೆಯೇರಿದಂತೆ ಪರಿಹಾರವೂ ಏರಬೇಕು. ಅರ್ಜಿ ಹಿಡಿದು ವಿಧವೆ ಅಲೆಯುವುದಲ್ಲ, ಇಲಾಖೆಯೇ ಅವಳ ಬಾಗಿಲಿಗೆ ಬರಬೇಕು. ಯಾವ ಹಣ, ಯಾವ ಕಚೇರಿ, ಯಾವ ದಾಖಲೆ ಎಂಬುದು ಅವಳು ಓದಬಲ್ಲ ಕನ್ನಡದಲ್ಲಿ ಒಂದೇ ಹಾಳೆಯಲ್ಲಿರಬೇಕು.

ಮುಂದಿನ ತೇರಿಗೆ ಊರಿಗೆ ಹೋಗುತ್ತೀರಲ್ಲ? ಉತ್ತತ್ತಿ, ಬಾಳೆಹಣ್ಣು ಎಸೆದು ಬಂದರೆ ಸಾಲದು. ನಿಮ್ಮ ಶಾಸಕರನ್ನು ಅಲ್ಲೇ ನಿಲ್ಲಿಸಿ ಕೇಳಿ: ಈ ಗಾಲಿಯ ಪಕ್ಕ ನಿಂತವನು ಸತ್ತರೆ ಅವನ ಮಕ್ಕಳಿಗೆ ಏನು ಕೊಡುತ್ತೀರಿ?