ಕೊಡುಗೆಯೊಳಗಿನ ಬೀಗ

ಬಹುರಾಷ್ಟ್ರೀಯ ಕಂಪೆನಿಗಳ ಔದಾರ್ಯವನ್ನು ಹೊಗಳುವವರಿಗೆ ಬಡ ದೇಶಗಳಲ್ಲಿ ಎಂದೂ ಕೊರತೆಯಾಗಿಲ್ಲ. ಶಾಲೆಗಳಿಗೆ, ಸರಕಾರಿ ಕಚೇರಿಗಳಿಗೆ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಡುವಾಗ ಬೇಡವೆನ್ನುವುದೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಉತ್ತರವಿದೆ.

ಸರಕಾರಿ ಆಡಳಿತದಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸಬೇಕೆಂಬ ಮಸೂದೆಯೊಂದು ಅಲ್ಲಿನ ಸಂಸತ್ತಿನ ಮುಂದೆ ಬಂದಾಗ ಮೈಕ್ರೋಸಾಫ್ಟ್‌ನ ಪೆರು ಶಾಖೆ ಪತ್ರ ಬರೆದು ಆಕ್ಷೇಪಿಸಿತು. 2002ರ ಎಪ್ರಿಲ್‌ನಲ್ಲಿ ಸಂಸದ ಎಡ್ಗರ್ ವಿಲ್ಲನುಯೇವಾ ಅದಕ್ಕೆ ಸುದೀರ್ಘ ಉತ್ತರ ಕೊಟ್ಟರು. ಹಣದ ಉಳಿತಾಯ ಮಸೂದೆಯ ಮೂಲ ಉದ್ದೇಶವಲ್ಲ. ಸಾರ್ವಜನಿಕ ಮಾಹಿತಿ ಪ್ರಜೆಗಳಿಗೆ ಅಡೆತಡೆಯಿಲ್ಲದೆ ಸಿಗಬೇಕು, ಅದು ಶಾಶ್ವತವಾಗಿ ಉಳಿಯಬೇಕು, ದೇಶದ ಮತ್ತು ಪ್ರಜೆಗಳ ಭದ್ರತೆಗೆ ಧಕ್ಕೆಯಾಗಬಾರದು ಎಂಬುದು ಅವರ ವಾದವಾಗಿತ್ತು. ಅದೇ ವರ್ಷ ಜುಲೈಯಲ್ಲಿ ಬಿಲ್ ಗೇಟ್ಸ್ ಪೆರುವಿನ ಅಧ್ಯಕ್ಷ ಅಲೆಹಾಂದ್ರೊ ಟೊಲೆಡೊರನ್ನು ಭೇಟಿಯಾಗಿ ಐದೂವರೆ ಲಕ್ಷ ಡಾಲರ್ ಕೊಡುಗೆ ಘೋಷಿಸಿದರು. 2005ರಲ್ಲಿ ಕಾನೂನೇನೋ ಬಂತು. ಆದರೆ ಮುಕ್ತ ತಂತ್ರಾಂಶದ ಕಡ್ಡಾಯ ಅದರಲ್ಲಿರಲಿಲ್ಲ. ಅದರ ಸ್ಥಾನದಲ್ಲಿ 'ತಟಸ್ಥತೆ' ಬಂದು ಕುಳಿತಿತ್ತು. ಬಲಿಷ್ಠ ಮತ್ತು ದುರ್ಬಲರ ನಡುವೆ ತಟಸ್ಥನಾಗಿರುವವನಿಂದ ಯಾರಿಗೆ ಲಾಭವೆಂದು ಬೇರೆ ಹೇಳಬೇಕೇ?

ನಿಜವಾಗಿ, 'ಉಚಿತ' ಮತ್ತು 'ಮುಕ್ತ' ಒಂದೇ ಅಲ್ಲ. ತಂತ್ರಾಂಶವನ್ನು ಬಳಸುವ, ಅದರ ಒಳರಚನೆಯನ್ನು ಪರಿಶೀಲಿಸುವ, ತಿದ್ದುವ, ಇತರರಿಗೆ ಹಂಚುವ ಹಕ್ಕು ಇದ್ದರೆ ಮಾತ್ರ ಅದು ಮುಕ್ತ. ಪುಕ್ಕಟೆಯಾಗಿ ಬಂದ ಮುಚ್ಚಿದ ತಂತ್ರಾಂಶದಲ್ಲಿ ಈ ಹಕ್ಕುಗಳಿಲ್ಲ. 2014ರ ಎಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಕಂಪೆನಿಯು ಬೆಂಬಲ ನಿಲ್ಲಿಸಿದಾಗ, ಅದನ್ನು ಸ್ವತಃ ದುರಸ್ತಿ ಮಾಡಿಕೊಳ್ಳುವ ಅಧಿಕಾರ ಹಣ ಕೊಟ್ಟು ಕೊಂಡವನಿಗೂ ಇರಲಿಲ್ಲ.

ಮಾಹಿತಿ ಶಾಶ್ವತವಾಗಿ ಉಳಿಯಬೇಕೆಂಬ ಮಾತಿನ ಮಹತ್ವ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗಬೇಕು. ಯೂನಿಕೋಡ್‌ಗೆ ಮೊದಲು ಒಂದೊಂದು ತಂತ್ರಾಂಶದ ಫಾಂಟ್‌ಗೆ ಒಂದೊಂದು ಸಂಕೇತವಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂದಿನ ಕನ್ನಡ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು ಮಾತ್ರ.

ಮುಕ್ತ ತಂತ್ರಾಂಶಕ್ಕೂ ತರಬೇತಿ, ನಿರ್ವಹಣೆಯ ಖರ್ಚು ಇದೆಯೆಂಬುದು ನಿಜ. ಆದರೆ ಆ ಹಣ ಪರವಾನಿಗೆಯ ಶುಲ್ಕವಾಗಿ ವಿದೇಶಕ್ಕೆ ಹೋಗಬೇಕಾಗಿಲ್ಲ, ಊರಿನ ತಂತ್ರಜ್ಞರ ದುಡಿಮೆಗೆ ಸಲ್ಲಬಹುದು. ನೆರೆಯ ಕೇರಳ ತನ್ನ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಿಂದಲೇ ಕಂಪ್ಯೂಟರ್ ಶಿಕ್ಷಣ ಕೊಡುತ್ತಾ ಬಂದಿದೆ. ಕೇಂದ್ರ ಸರಕಾರವೂ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಇಷ್ಟಿದ್ದೂ ಅಧಿಕಾರಿಗಳು ಕಂಪೆನಿಗಳ ಕೊಡುಗೆಗೆ ಕೈಚಾಚುವುದಾದರೆ ಅದನ್ನು ಬಡತನವೆನ್ನಲಾಗದು, ಇಚ್ಛಾಶಕ್ತಿಯ ಅಭಾವವೆನ್ನಬೇಕು.

ಪ್ರಜೆಗಳ ದಾಖಲೆ ಪ್ರಜೆಗಳ ಸೊತ್ತು. ಅದರ ಕೀಲಿಕೈಯನ್ನು ಕಂಪೆನಿಯೊಂದರ ಕೈಗೊಪ್ಪಿಸುವ ಅಧಿಕಾರವನ್ನು ಯಾವ ಸರಕಾರಕ್ಕೂ ಯಾರೂ ಕೊಟ್ಟಿಲ್ಲ.