ಬದಲಾಗುವ ಸಂಖ್ಯೆಗೊಂದು ಸ್ಥಿರನಾಮ

ನಮ್ಮ ಊರುಗಳಲ್ಲಿ ಮನೆಯನ್ನು ಗುರುತಿಸುವುದು ಮನೆತನದ ಹೆಸರಿನಿಂದ. ಪುರಸಭೆಯವರು ಬಾಗಿಲಿಗೆ ಬರೆದ ಸಂಖ್ಯೆಯಿಂದಲ್ಲ. ಸಂಖ್ಯೆ ಎಷ್ಟು ಸಲ ಬದಲಾದರೂ ಮನೆ ಕೇಳಿಕೊಂಡು ಬಂದ ನಂಟರು ದಾರಿ ತಪ್ಪುವುದಿಲ್ಲ. ಅಂತರ್ಜಾಲದಲ್ಲಿಯೂ ಹೀಗೆಯೇ. ಯಂತ್ರಗಳು ಪರಸ್ಪರ ಅರಿಯುವುದು ಸಂಖ್ಯೆಗಳನ್ನು, ಮನುಷ್ಯರು ನೆನಪಿಡುವುದು ಹೆಸರುಗಳನ್ನು. ಹಿಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಇವೆರಡರ ಜೋಡಿಯನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಯಂತ್ರಗಳು ಹೆಚ್ಚಲು ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿದ್ವಾಂಸರು ರೂಪಿಸಿದ ಡಿಎನ್‌ಎಸ್ ಎಂಬ ವ್ಯವಸ್ಥೆಯೇ ಇಂದಿಗೂ ಹೆಸರಿಗೆ ಸಂಖ್ಯೆಯನ್ನು ಹುಡುಕಿಕೊಡುತ್ತಿದೆ.

ಹಿರಿಯರ ಕೈಬರಹದ ಪುಸ್ತಕ, ಹಳೆಯ ಲೆಕ್ಕದ ವಹಿ, ಮದುವೆಯ ಭಾವಚಿತ್ರ ಇವುಗಳ ಪ್ರತಿಗಳನ್ನು ಮನೆಯ ಚಿಕ್ಕ ಗಣಕಯಂತ್ರದಲ್ಲಿ ಕಾಪಿಡುವ ಕುಟುಂಬಗಳು ಈಗ ಉಂಟು. 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರ ಇದಕ್ಕೆ ಧಾರಾಳವಾಗಿ ಸಾಕು. ಆದರೆ ದೂರದ ಊರಿನಲ್ಲಿರುವ ಮಗಳು ಅವನ್ನು ನೋಡಬಯಸಿದಾಗ ತೊಡಕು ಎದುರಾಗುತ್ತದೆ. ಹಳೆಯ ಪದ್ಧತಿಯ ಅಂತರ್ಜಾಲ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಜಾಗತಿಕ ಭಂಡಾರ 2011ರಲ್ಲಿಯೇ ಬರಿದಾಯಿತು. ಆದಕಾರಣ ಸಂಪರ್ಕ ನೀಡುವ ಕಂಪನಿಗಳು ಮನೆಗಳಿಗೆ ಸಂಖ್ಯೆಯನ್ನು ಕಡವಾಗಿಯಷ್ಟೇ ಕೊಡುತ್ತವೆ. ಕರೆಂಟು ಹೋಗಿ ಬಂದು ರೂಟರು ಮತ್ತೆ ಎದ್ದಾಗ ಸಂಖ್ಯೆ ಬೇರೆಯಾಗಿರಬಹುದು. ನಮ್ಮಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ!

ಡೈನಾಮಿಕ್ ಡಿಎನ್‌ಎಸ್ ಇದಕ್ಕೆ ಪರಿಹಾರ. ಡಕ್ ಡಿಎನ್‌ಎಸ್‌ನಂತಹ ಉಚಿತ ಸೇವೆಯಲ್ಲಿ ಒಂದು ಹೆಸರನ್ನು ಪಡೆದರೆ ಅದರೊಡನೆ ಗುಪ್ತಸಂಕೇತವೊಂದು ದೊರೆಯುತ್ತದೆ. ಪೈ ಯಂತ್ರವು ಐದು ನಿಮಿಷಕ್ಕೊಮ್ಮೆ ಆ ಸಂಕೇತವನ್ನು ತೋರಿಸಿ ತನ್ನ ಈಗಿನ ಸಂಖ್ಯೆಯನ್ನು ವರದಿ ಮಾಡುತ್ತದೆ. ಈ ಕೆಲಸವನ್ನು ಕ್ರಾನ್ ಎಂಬ ಕಾಲಪಾಲಕನಿಗೆ ಒಪ್ಪಿಸಬಹುದು. ಡಿಡಿಕ್ಲೈಂಟ್ ಎಂಬ ತಂತ್ರಾಂಶವೂ ಇದೆ. ಸಂಕೇತವನ್ನು ಬಲ್ಲವರು ನಿಮ್ಮ ಹೆಸರನ್ನು ಎಲ್ಲಿಗೆ ಬೇಕಾದರೂ ತಿರುಗಿಸಬಲ್ಲರಾದ್ದರಿಂದ ಅದನ್ನು ಬೀರುವಿನ ಕೀಲಿಕೈಯಂತೆ ಕಾಯಬೇಕು.

ಇಷ್ಟು ಮಾಡಿಯೂ ಫಲ ಕಾಣದವರು ಅನೇಕರು. ಅವರು ಹೆಸರನ್ನೂ ಸಂಕೇತವನ್ನೂ ಹತ್ತು ಸಲ ಪರೀಕ್ಷಿಸುತ್ತಾರೆ, ದೋಷವಿರುವುದು ಬೇರೆಡೆ. ವಿಳಾಸಗಳ ಕೊರತೆಯಿಂದ ಕಂಪನಿಗಳು ಒಂದೇ ಸಾರ್ವಜನಿಕ ಸಂಖ್ಯೆಯನ್ನು ಅನೇಕ ಮನೆಗಳಿಗೆ ಹಂಚುವ ಪದ್ಧತಿಯೊಂದಿದೆ. ಅಂಥಲ್ಲಿ ಹೊರಗಿನಿಂದ ಬಂದ ಕರೆ ಯಾವ ಮನೆಗೆಂದು ಕಂಪನಿಯ ಯಂತ್ರಕ್ಕೆ ತಿಳಿಯದು. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ರೂಟರಿನ ಪುಟದಲ್ಲಿ ಕಾಣುವ ಹೊರ ವಿಳಾಸವನ್ನೂ, ಹೊರಜಗತ್ತು ನಿಮ್ಮದೆಂದು ತೋರಿಸುವ ವಿಳಾಸವನ್ನೂ ಹೋಲಿಸಿರಿ. ಎರಡೂ ಒಂದೇ ಆಗಿದ್ದರೆ ಸರಿ. ರೂಟರಿನದು 100.64ರಿಂದ 100.127ರ ಒಳಗೆ ಆರಂಭವಾಗಿದ್ದರೆ ಅದು ಹಂಚಿಕೆಯ ವಿಳಾಸ. ಯಾವ ಹೆಸರೂ ಅಲ್ಲಿಗೆ ದಾರಿ ತೋರಿಸಲಾರದು. ಆಗ ಕಂಪನಿಯಿಂದ ಸಾರ್ವಜನಿಕ ವಿಳಾಸವನ್ನು ಕೇಳಬೇಕು, ಇಲ್ಲವೇ 128 ಬಿಟ್ಟುಗಳ ಹೊಸ ಐಪಿವಿ6 ವಿಳಾಸ ಮನೆಗೆ ಬರುತ್ತಿದೆಯೇ ಎಂದು ನೋಡಬೇಕು.

ವಿಳಾಸ ಸರಿಯಿದ್ದವರು ರೂಟರಿನಲ್ಲಿ ಪೈಗೆ ಮನೆಯೊಳಗಿನ ಸ್ಥಿರ ಸಂಖ್ಯೆಯನ್ನು ಕಾದಿರಿಸಿ, ಹೊರಗಿನ ಕರೆಯನ್ನು ಅದರತ್ತ ತಿರುಗಿಸಬೇಕು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುವರು. ಇಲ್ಲಿ ನಾವು ಖಚಿತವಾಗಿ ಹೇಳುವುದೊಂದುಂಟು: ತೆರೆದ ಬಾಗಿಲನ್ನು ತಟ್ಟಿ ನೋಡುವ ಯಂತ್ರಗಳು ಜಗತ್ತಿನಲ್ಲಿ ಹಗಲಿರುಳೂ ತಿರುಗುತ್ತಿವೆ. ಮನೆತನದ ಕಾಗದಪತ್ರಗಳಿರುವ ಯಂತ್ರವನ್ನು ಕೇವಲ ಗುಪ್ತಪದವೊಂದರ ಭರವಸೆಯಲ್ಲಿ ಹೊರಗಿಡುವುದು ತರವಲ್ಲ. ಪೈಯ ಹಳೆಯ ವ್ಯವಸ್ಥಾ ತಂತ್ರಾಂಶದಲ್ಲಿ ಎಲ್ಲರಿಗೂ ಒಂದೇ ಬಳಕೆದಾರ ಹೆಸರು, ಒಂದೇ ಗುಪ್ತಪದವಿತ್ತು. 2022ರಲ್ಲಿ ಅದನ್ನು ಕೈಬಿಟ್ಟರು. ಹಳೆಯದನ್ನೇ ಬಳಸುತ್ತಿರುವವರು ತಡಮಾಡದೆ ಬದಲಿಸಲಿ. ವೈರ್‌ಗಾರ್ಡ್ ಎಂಬ ಉಚಿತ ತಂತ್ರಾಂಶವನ್ನು ಪೈಯಲ್ಲಿ ಸ್ಥಾಪಿಸಿ, ಅದರ ಒಂದೇ ಬಾಗಿಲನ್ನು ತೆರೆದು, ಮಕ್ಕಳ ಫೋನುಗಳಿಗೆ ಮಾತ್ರ ಅದರ ಕೀಲಿಗಳನ್ನು ಕೊಡುವುದು ನಮ್ಮ ಮಟ್ಟಿಗೆ ಅತ್ಯುತ್ತಮ. ಕೀಲಿಯಿಲ್ಲದವರು ತಟ್ಟಿದರೆ ಅದು ಓಗೊಡುವುದೇ ಇಲ್ಲ.

ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬಾರದು. ಒಳಗಿನಿಂದ ತನ್ನದೇ ಹೊರಬಾಗಿಲಿಗೆ ಹೋಗಲು ಕೆಲವು ರೂಟರುಗಳು ಬಿಡುವುದಿಲ್ಲ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ನೋಡಿರಿ. ಅನಂತರ ರೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಹತ್ತು ನಿಮಿಷ ಬಿಟ್ಟು ಅದೇ ಹೆಸರಿನಿಂದ ಮತ್ತೊಮ್ಮೆ ಪ್ರವೇಶಿಸಿ ನೋಡತಕ್ಕದ್ದು.